ಕಾಯಶುದ್ಧಿ

ಪುಷ್ಪದಂತನ ಕಾಲಿಗೆ ಗಾಯವೇನೂ ಆಗಿರಲಿಲ್ಲ. ಬೆಳಿಗ್ಗೆ ಬಚ್ಚಲಿನ ಅಗಳಿ ಹಾಕಿಕೊಂಡು, ಅಂಗಡಿಯಿಂದ ತಂದಿದ್ದ ಮಲ್ಲು ಬಟ್ಟೆಯ ಚೂರನ್ನು ಬಲಗಾಲಿನ ಹೆಬ್ಬೆರಳಿಗೆ ಸುತ್ತಿ, ಮೇಲೆ ಒಂದಿಷ್ಟು ಅರಿಶಿನ ಮೆತ್ತಿ, ಕುಂಟುತ್ತ ಹೊರಗೆ ಬಂದ. ನಡುಮನೆಯಲ್ಲಿ ಅವನ ತಾಯಿ ಜಿನಮತಿಯಮ್ಮ ಮುನಿ ಮಹಾರಾಜರು ನಿಲ್ಲಬೇಕಾದ ಜಾಗವನ್ನು ಒರೆಸುತ್ತಿದ್ದವಳು ಕಾಲನ್ನೇ ನೋಡಿದಳು. "ಎಂತದಾ ಅದು?" "ಕಲ್ಲು ಎಡವಿದೆ. ರಕ್ತ ಬಂತು." "ಇವತ್ತೇ ಎಡವಬೇಕಿತ್ತಾ ಮಾರಾಯ ನಿಂಗೆ? ಹುಂಚದಿಂದ ನಡ್ಕೊಂಡು ಮಹಾರಾಜರು ನಮ್ಮ ಸಾಗರಕ್ಕೆ ಬಂದಿದಾರೆ, ನಾಳೆ ಗೇರುಸೊಪ್ಪೆ ದಾರಿ ಹಿಡೀತಾರೆ. ಮನೆ ಯಜಮಾನನೇ ಆಹಾರ ಕೊಡೋಕೆ ಇಲ್ಲ ಅಂದ್ರೆ ಎಂತ ಚಂದ ಹೇಳು." ಅವನು ಕಂಬಕ್ಕೆ ಒರಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಾನು ಎಡಗಾಲನ್ನು ಎತ್ತಿ ಹಿಡಿದಿದ್ದೇನೆಂದು ಗೊತ್ತಾಗಿ, ಯಾರೂ ನೋಡಲಿಲ್ಲವಷ್ಟೆ ಎಂದು ಅತ್ತಿತ್ತ ನೋಡಿ, ಬಲಗಾಲನ್ನು ಎತ್ತಿಕೊಂಡ.

ಗಾಯವಾದವನು ಮುನಿಗಳಿಗೆ ಆಹಾರ ಕೊಡುವ ಹಾಗಿಲ್ಲ; ಕೊಡದವನು ಆ ಮಾತುಗಳನ್ನು ಹೇಳಬೇಕಾಗಿಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೆ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವವರು. ಶ್ರಾವಕರು ತಂತಮ್ಮ ಬಾಗಿಲಲ್ಲಿ ಕಳಶ ಹಿಡಿದು ಕರೆಯಬೇಕು. ಎಲ್ಲಿ ಅವರ ಮನಸ್ಸು ಒಪ್ಪುತ್ತದೋ ಆ ಮನೆಗೆ ಬರುತ್ತಾರೆ. ಬಂದ ಮೇಲೆ, ಕೊಡುವವರು ಒಬ್ಬೊಬ್ಬರಾಗಿ ಎದುರು ನಿಂತು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾತ್ರ ಅವರು ಕೈ ಚಾಚುವುದು. ತುತ್ತಿನಲ್ಲಿ ಒಂದು ಕೂದಲು ಕಂಡರೂ, ಯಾರಾದರೂ ನೋವಿನಿಂದ ಚೀರಿದ್ದು ಕಿವಿಗೆ ಬಿದ್ದರೂ ಅಂತರಾಯವಾಯಿತೆಂದು ಕೈಬಿಟ್ಟು ಹೊರಟುಬಿಡುತ್ತಾರೆ. ಮರುದಿನದವರೆಗೆ ನೀರೂ ಇಲ್ಲ. ಒಗೆದರೆ ಬಣ್ಣ ಹೋಗಲ್ಲ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವ ಬಟ್ಟೆ ವ್ಯಾಪಾರಿಗೆ ಸುಳ್ಳು ಹೊಸದಲ್ಲ. ಆದರೆ ಆ ಮಾತುಗಳಲ್ಲಿ ಒಂದನ್ನೂ ತಾನು ಹೇಳಲಾರೆ ಎಂದು ಅವನಿಗೆ ಗೊತ್ತಿತ್ತು. ಮಳೆಗಾಲದಿಂದ ಈಚೆಗೆ ಅವನು ತನ್ನ ಹೆಂಡತಿ ಧರ್ಮಾವತಿಗೆ, ಅವಳಿಗೆ ಗೊತ್ತಿಲ್ಲದ ಹಾಗೆ, ದಿನಾ ಮೀನಿನ ಎಣ್ಣೆ ನುಂಗಿಸುತ್ತಿದ್ದ.

ಆ ಧರ್ಮಾವತಿಯೇ ಈಗ ಬಾವಿಕಟ್ಟೆಯ ಕಡೆಯಿಂದ ಒದ್ದೆ ಸೀರೆಯಲ್ಲಿ ಬಂದಳು. ಬಾಗಿಕೊಂಡು ಬಂದಳು ಎಂದು ಹೇಳಬೇಕಾಗಿಲ್ಲ, ಅವಳು ಇರುವುದೇ ಹಾಗೆ. ಮದುವೆಯಾದಾಗ ಅವಳು ಬಾಗಿಲ ಮೇಲಿನ ಹಲಗೆಯಿಂದ ಹಿಮ್ಮಡಿ ಎತ್ತದೆ ತುಪ್ಪದ ಗಿಂಡಿ ಇಳಿಸುತ್ತಿದ್ದವಳು. ಗಜಕಡ್ಡಿ ಹಿಡಿದು ಹಿಡಿದು ಪುಷ್ಪದಂತನ ಕಣ್ಣಿಗೆ ಅಳತೆಯ ಚಟ ಅಂಟಿಕೊಂಡಿತ್ತು. ಯಾವ ಹೆಂಗಸು ಅಂಗಡಿ ಮೆಟ್ಟಿಲು ಹತ್ತಿದರೂ ರವಿಕೆಗೆ ಎಷ್ಟು ಬಟ್ಟೆ ಬೇಕೆಂದು ಅವನಿಗೆ ನೋಡಿದೊಡನೆ ತಿಳಿಯುತ್ತಿತ್ತು. ತನ್ನ ಹೆಂಡತಿ ಮಾತ್ರ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿರುವುದು ಅವನಿಗೆ ಕಾಣಲೇ ಇಲ್ಲ. ಮೊದಲು ಕಂಡದ್ದು ಸೀರೆಯ ಅಂಚು. ನೆಲಕ್ಕೆ ಎಳೆಯುತ್ತದೆ, ನಿಮ್ಮ ಅಂಗಡಿಯಲ್ಲಿ ಈಗ ಪನ್ನ ಜಾಸ್ತಿ, ಅಗಲ ಇರೋ ಸೀರೆ ಬರ್ತಿದೆಯಾ ಎಂದು ಅವಳೇ ಕೇಳಿದ್ದಳು. ಹೊಸ ಮಿಲ್ಲಿನ ಮಾಲು ಹಾಗೇ ಬರೋದು ಎಂದು ಇವನೂ ಹೇಳಿಬಿಟ್ಟಿದ್ದ. ಪನ್ನ ಅಷ್ಟೇ ಇತ್ತು, ಮಿಲ್ಲೂ ಅದೇ ಇತ್ತು. ಈಗ ಅವಳು ನಡುಮನೆಯ ಕಂಬ ಹಿಡಿದು ನಿಂತು, ಸೊಂಟಕ್ಕೆ ಬಿಗಿದಿದ್ದ ದಪ್ಪ ಬಟ್ಟೆಯ ಪಟ್ಟಿಯ ದಾರಗಳನ್ನು ಬಿಚ್ಚತೊಡಗಿದಳು.

"ಅದ್ಯಾಕೆ ತೆಗೀತೀಯ?" ಎಂದ.

"ಇದನ್ನ ಹಾಕ್ಕೊಂಡು ಮಹಾರಾಜರ ಎದುರು ನಿಲ್ಲೋದಾ? ಇದಕ್ಕೆ ಮಡಿ ಎಲ್ಲಿಂದ ಬರ್ಬೇಕು. ಒಗೆದ್ರೆ ಒಳಗಿನ ಬಿದಿರು ಕೊಳೀತದೆ."

ಡಾಕ್ಟರು ಬರೆದುಕೊಟ್ಟಿದ್ದು ಚರ್ಮದ ಪಟ್ಟಿ. ಚರ್ಮ ಮೈಗೆ ಸುತ್ತಿಕೊಳ್ಳಲ್ಲ ಎಂದು ಅವಳು ಹಟ ಹಿಡಿದಾಗ ಅವನೇ ಅಂಗಡಿಯ ಕ್ಯಾನ್ವಾಸಿನಲ್ಲಿ ಬಿದಿರ ಸೀಳುಗಳನ್ನಿಟ್ಟು ಹೊಲಿಸಿ ತಂದಿದ್ದ. ಅದನ್ನು ಹಾಕಿಸಿದ ದಿನ, ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡು, ಎಮ್ಮೆಗೆ ಜೀನು ಹಾಕಿದ ಹಾಗಿದೆ ಎಂದು ಅವಳು ಬಹಳ ದಿನಗಳ ಮೇಲೆ ನಕ್ಕಿದ್ದಳು. ಪಟ್ಟಿಯಿಲ್ಲದೆ ಅವಳು ನಿಂತದ್ದನ್ನು ಅವನು ಈಚೆಗೆ ನೋಡಿಯೇ ಇರಲಿಲ್ಲ. ಬೇಡ ಎನ್ನಬೇಕೆಂದುಕೊಂಡ. ಚರ್ಮ ಮೈಗೆ ಸೋಕಬಾರದು ಎನ್ನುವವಳ ಹೊಟ್ಟೆಯೊಳಕ್ಕೆ ತಾನು ಏನನ್ನು ಇಳಿಸಿದ್ದೇನೆಂದು ನೆನಪಾಯಿತು. ಯಾವ ಬಾಯಲ್ಲಿ ಹೇಳುವುದು?

ಬೆನ್ನು ತೋರಿಸಲು ತೀರ್ಥಹಳ್ಳಿಗೆ ಹೋದ ದಿನ ಬಸ್ಸಿನಲ್ಲಿ ಜನ ಕಿಕ್ಕಿರಿದಿತ್ತು. ಹೊಸನಗರ ದಾಟಿದ ಮೇಲೆ ರಸ್ತೆಯ ಒಂದೊಂದು ಗುಂಡಿಗೂ ಅವಳು ತುಟಿ ಕಚ್ಚುವುದನ್ನು ನೋಡಲಾರದೆ ಅವನು ಕಂಬಳಿ ಮಡಚಿ ಅವಳ ಅಡಿಗೆ ಹಾಕಲು ಎದ್ದ. ಕಂಡಕ್ಟರು ಒಳ್ಳೆಯ ಮನುಷ್ಯ, "ಸ್ವಲ್ಪ ಸರೀರಿ, ಅಜ್ಜಿಗೆ ಜಾಗ ಬಿಡಿ" ಎಂದು ಕೂಗಿ, ಇವನ ಕಡೆ ತಿರುಗಿ, "ನಿಮ್ಮ ತಾಯೀನಾ ಶೆಟ್ರೆ?" ಎಂದ. ಅವಳಿಗೆ ಮೂವತ್ತೆಂಟು. ಪುಷ್ಪದಂತ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಂಬಳಿ ಸರಿಮಾಡುವವನ ಹಾಗೆ ತಲೆ ತಗ್ಗಿಸಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ತೀರ್ಥಹಳ್ಳಿಯಲ್ಲಿ ಇಳಿದು ತುಂಗೆಯ ಸೇತುವೆಯ ಪಕ್ಕ ಅವಳನ್ನು ಕೂರಿಸಿದಾಗ, "ನಿಮಗೆ ನಾಚಿಕೆ ಆಯ್ತಲ್ಲ, ಪಾಪ" ಎಂದಳು. ಅಲ್ಲ ಎಂದು ಕಂಡಕ್ಟರಿಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂದು ಮಾತು. ತನಗೆ ಆಗಬೇಕಾದ ಕಡೆ ಮಾತು ಬರುವುದಿಲ್ಲ, ಬೇಡದ ಕಡೆ ಧಾರಾಳವಾಗಿ ಬರುತ್ತದೆ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಗಿತ್ತು.

ಡಾಕ್ಟರ್ ಶ್ರೀಕೃಷ್ಣ ಇನ್ನೂ ಹುಡುಗನಂತಿದ್ದವರು, ಮದರಾಸಿನಲ್ಲಿ ಓದಿ ಬಂದವರು. ಅವಳನ್ನು ಹೊರಗೆ ಕೂರಿಸಿ, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಗಂಟುಗಳು ಬೆಳ್ಳಗೆ ಕಾಣಬೇಕಂತೆ. ಇವು ಮಾಸಲಾಗಿದ್ದವು, ಎರಡು ಗಂಟು ಚಪ್ಪಟೆಯಾಗಿ ಒಂದರ ಮೇಲೊಂದು ಕೂತಿದ್ದವು. "ಐದು ವರ್ಷದ ಹಿಂದೆ ಬೆಂಗಳೂರಲ್ಲಿ ಗರ್ಭಕೋಶದ ಕ್ಯಾನ್ಸರಿಗೆ ರೇಡಿಯಂ ಇಟ್ಟರು, ಕಿರಣ ಕೊಟ್ಟರು ಅಂದ್ರಲ್ಲ. ಅದು ರೋಗಾನ ಸುಟ್ಟಿತು ಪುಷ್ಪದಂತಯ್ಯ, ಅನುಮಾನ ಬೇಡ. ರೋಗದ ಜೊತೆ ಅಂಡಾಶಯಾನೂ ಒಣಗಿಸ್ತು. ಮುಟ್ಟು ಯಾವಾಗ ನಿಂತಿದ್ದು?" "ಆಗಲೇ." "ನಲವತ್ತೈದಕ್ಕೆ ನಿಲ್ಲಬೇಕಾದ್ದು ಮೂವತ್ತಮೂರಕ್ಕೇ ನಿಂತ್ರೆ ಎಲುಬು ಸುಣ್ಣ ಹಿಡಿದಿಟ್ಕೊಳ್ಳೋದಿಲ್ಲ. ಹೊರಗೆ ನೋಡೋಕೆ ತೊಲೆ, ಒಳಗೆ ಗೆದ್ದಲು. ಬಗ್ಗಿದ್ರೆ, ಭಾರ ಎತ್ತಿದ್ರೆ, ಒಂದು ಸಲ ಜೋರಾಗಿ ಕೆಮ್ಮಿದ್ರೂ ಕುಸಿಯಬಹುದು." ಇವನು ಆ ಹಾಳೆಯನ್ನೇ ನೋಡುತ್ತ, ಅದರಲ್ಲಿ ಅವಳ ಮುಖ ಎಲ್ಲಿದೆಯೆಂದು ಹುಡುಕುತ್ತಿದ್ದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ರುಜು ಹಾಕಿದ್ದು ಅವನು. ಇನ್ನು ಮಕ್ಕಳಾಗುವುದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದೂ ಅವನು. ಒಳಗೆ ಏನೋ ಇಟ್ಟು, ಅಲುಗಾಡಬಾರದೆಂದು ಮಲಗಿಸಿದ್ದ ಹೆಂಡತಿ ಮೂರನೆಯ ದಿನ, "ಇವರು ಏನು ಮಾಡ್ತಿದಾರೆ ನಂಗೆ?" ಎಂದು ಕೇಳಿದಾಗ, "ಗುಣ ಮಾಡ್ತಿದಾರೆ" ಎಂದಿದ್ದ. ಅದೂ ಸುಳ್ಳಲ್ಲ. ಅವಳನ್ನು ಒಂದು ಮಾತು ಕೇಳಬೇಕಿತ್ತೇ? ಕೇಳಿದ್ದರೆ ಅವಳು ಬೇಡವೆನ್ನುತ್ತಿದ್ದಳು, ಆಹಾರ ನೀರು ಬಿಟ್ಟು ಬಸದಿಯಲ್ಲಿ ಕೂತು ಸಾಯುತ್ತೇನೆ ಎನ್ನುತ್ತಿದ್ದಳು. ಅವಳ ಅಜ್ಜಿ ಹಾಗೇ ಹೋಗಿದ್ದು. ಅವನಿಗೆ ಅವಳು ಬೇಕಾಗಿದ್ದಳು. ಮನೆಗೆ ಬಂದ ಮೇಲೆ ತಿಂಗಳ ಮೂರು ದಿನ ಹೊರಗೆ ಕೂರುವುದು ನಿಂತದ್ದನ್ನು ಗಮನಿಸಿ ಜಿನಮತಿಯಮ್ಮ ನೆರೆಮನೆಯವರ ಹತ್ತಿರ, "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು, ವರ್ಷವಿಡೀ ಅಡಿಗೆಮನೆಗೆ ಸೊಸೆ ಸಿಕ್ಕಳು" ಎಂದಿದ್ದಳು. ವರ್ಷವಿಡೀ ಮಡಿಯಾಗಿದ್ದವಳ ಬೆನ್ನು ಅದೇ ಕಾರಣಕ್ಕೆ ಒಳಗೊಳಗೇ ಕರಗುತ್ತಿತ್ತೆಂದು ಆಗ ಯಾರಿಗೆ ಗೊತ್ತಿತ್ತು? ಶೀತ ಎಂದರು, ವಾಯು ಎಂದರು, ಎಣ್ಣೆ ತಿಕ್ಕಿದರು. ಬಾವಿಯಿಂದ ಸೇದಿದ ನೀರನ್ನು ಸೋಸಿ, ಸೋಸಿದ ಬಟ್ಟೆಗೆ ಅಂಟಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು ಅದನ್ನು ಜಾಲಾಡಿ, ಆ ನೀರನ್ನು ಚಿಕ್ಕ ಕೊಡದಲ್ಲಿ ಮತ್ತೆ ಬಾವಿಯ ತಳಕ್ಕೇ ಇಳಿಸಬೇಕು. ದಿನಾ ಕಟ್ಟೆಯ ಮೇಲೆ ಬಗ್ಗಿ ಇಳಿಸುತ್ತಿದ್ದವಳು ಅವಳೇ. ಒಂದು ಬೆಳಿಗ್ಗೆ ಹಾಗೆ ಬಗ್ಗಿದವಳು ಮೇಲೇಳಲಿಲ್ಲ. ಕಣ್ಣಿಗೆ ಕಾಣದ ಜೀವಗಳನ್ನು ನೋಯಿಸದೆ ಇಳಿಸಿ, ಕೊಡ ತಳ ಮುಟ್ಟಿದ ಮೇಲೆಯೇ ಅವಳು ಕೂಗಿದ್ದಳು.

"ಹಾಲು ಹೆಚ್ಚು ಕೊಡಿ, ಸುಣ್ಣದ ಪುಡಿ ಕೊಡಿ" ಎಂದಿದ್ದರು ಡಾಕ್ಟರು. ಆಮೇಲೆ ಒಂದು ಸೀಸೆ ಮುಂದಿಟ್ಟರು. "ಇನ್ನೊಂದು ಬೇಕು. ತಿಂದ ಸುಣ್ಣ ಎಲುಬಿಗೆ ಹತ್ತಬೇಕಂದ್ರೆ ಈ ಗುಳಿಗೆ ಬೇಕು. ಶಾರ್ಕ್ ಅಂತ ಒಂದು ಮೀನು, ಅದರ ಪಿತ್ತಜನಕಾಂಗದ ಎಣ್ಣೆ. ನೀವು ಜೈನರು ಅಂತ ಗೊತ್ತು. ಹೆಂಡತಿಗೆ ಹೇಳಿ ಅಂತ ನಾ ಹೇಳಲ್ಲ, ಹೇಳಬೇಡಿ ಅಂತಾನೂ ಹೇಳಲ್ಲ. ಹೋದ ಎತ್ತರ ಬರಲ್ಲ. ಉಳಿದದ್ದು ಉಳೀಲಿ." ಪುಷ್ಪದಂತ ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ, ಸೀಸೆಯ ಮೇಲಿನ ಮೀನಿನ ಚಿತ್ರವನ್ನು ಉಗುರಿನಿಂದ ಕೆರೆದು ಕೆರೆದು ತೆಗೆದ. ಉಗುರಿನ ಸಂದಿಯಲ್ಲಿ ಸೇರಿಕೊಂಡ ನೀಲಿ ಕಾಗದ ಎರಡು ದಿನ ಹೋಗಲಿಲ್ಲ. ಮನೆಯಲ್ಲಿ ಮೊದಲ ಗುಳಿಗೆಯನ್ನು ಅವಳು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು. ಹೊನ್ನಿನ ಬಣ್ಣ, ಒಳಗೆ ಎಣ್ಣೆ ಮೆಲ್ಲಗೆ ಹೊರಳುತ್ತಿತ್ತು. "ಎಷ್ಟು ಚಂದ ಇದೆಯಲ್ಲ! ಇದು ಎಂತದ್ರದ್ದು?" ಎಂದವಳು ತಟ್ಟನೆ ಗಾಬರಿಯಾಗಿ, "ಜೇನಲ್ಲ ತಾನೆ?" ಎಂದಳು. ಜೇನು ಹಿಂಡಿದರೆ ಎಷ್ಟು ಹುಳ ಸಾಯುತ್ತವೆಂದು ಅವರ ಮನೆಗಳಲ್ಲಿ ಜೇನು ಮುಟ್ಟುವುದಿಲ್ಲ. "ಜೇನಲ್ಲ! ಆಣೆ ಇಟ್ಟು ಹೇಳ್ತೀನಿ, ಜೇನಲ್ಲ" ಎಂದು ಪುಷ್ಪದಂತ ಎಷ್ಟು ಉತ್ಸಾಹದಿಂದ ಹೇಳಿದನೆಂದರೆ ಅವಳಿಗೆ ನಗು ಬಂತು. ನಿಜ ಹೇಳಲು ಒಂದು ಸಂದಿ ಸಿಕ್ಕಿತಲ್ಲ ಎಂಬ ಖುಷಿ ಅವನಿಗೆ. ಗಿಡಮೂಲಿಕೆಯ ಎಣ್ಣೆ ಎಂದು ಆಮೇಲೆ ಸೇರಿಸಿದ್ದು ಅಷ್ಟು ಕಷ್ಟವಾಗಲಿಲ್ಲ.

ಒಂದು ಸಲ ಒಂದು ಗುಳಿಗೆ ಕೈಜಾರಿ ಅಂಗಳಕ್ಕೆ ಬಿದ್ದು ಯಾರದೋ ಕಾಲಿಗೆ ಸಿಕ್ಕಿ ಒಡೆದಿತ್ತು. ಎಲ್ಲಿತ್ತೋ ಆ ಬೆಕ್ಕು, ಬಾಲ ಎತ್ತಿಕೊಂಡು ಓಡಿಬಂದು ಕಲ್ಲನ್ನು ನೆಕ್ಕತೊಡಗಿತು. "ಅಯ್ಯೋ, ಬೆಕ್ಕಿಗೂ ಮೂಲಿಕೆ ಇಷ್ಟ ನೋಡಿ" ಎಂದು ಧರ್ಮಾವತಿ ಒಳಗಿನಿಂದ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇವನು ಬೆಕ್ಕನ್ನು ಅಟ್ಟಿದ, ಕಲ್ಲಿಗೆ ನೀರು ಸುರಿದ, ಸೆಗಣಿ ಬಳಿದ. ಹೋಗಲಿ, ಪಾಪ ತನಗಿರಲಿ. ಅವಳಿಗೆ ಗೊತ್ತಿಲ್ಲದ ಪಾಪ ಅವಳನ್ನು ಹೇಗೆ ಅಂಟೀತು ಎಂದು ತನಗೆ ತಾನೇ ಶಾಸ್ತ್ರ ಹೇಳಿಕೊಂಡು ದಿನ ಕಳೆಯುತ್ತಿದ್ದ. ಗುಳಿಗೆಯಿಂದಲೋ ಹಾಲಿನಿಂದಲೋ, ದೀಪಾವಳಿಯ ಹೊತ್ತಿಗೆ ಅವಳು ಗೋಡೆ ಹಿಡಿಯದೆ ನಡೆಯುವಂತಾದಳು. ಅಷ್ಟಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಈಗ ಈ ಮಹಾರಾಜರು ಬಂದಿದ್ದಾರೆ.

ಒಳಗೆ ತಾಯಿಯ ದನಿ ಏರಿತ್ತು. "ನೀನು ಒಲೆ ಹತ್ರ ಇರು, ಪಾತ್ರೆ ಎತ್ತಿ ಕೊಡು. ಮಹಾರಾಜರ ಕೈಗೆ ನಾ ಹಾಕ್ತೀನಿ. ಅಂಗ ಊನ ಆದವರು ಕೊಡಬಾರದು ಅಂತ ಹೇಳ್ತಾರಪ್ಪ. ಬೇಜಾರು ಮಾಡ್ಕೋಬೇಡ" ಎಂದಳು ಜಿನಮತಿಯಮ್ಮ. ಕೆಟ್ಟ ಹೆಂಗಸಲ್ಲ, ಮುನಿಗಳು ಬಾಗಿಲಿಂದ ಹಾಗೇ ಹೋಗಿಬಿಟ್ಟರೆ ಎಂಬ ಹೆದರಿಕೆ ಅವಳದು. ಧರ್ಮಾವತಿ ಎಂದೂ ಯಾವುದನ್ನೂ ಬೇಕೆಂದು ಕೇಳಿದವಳಲ್ಲ. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ, ಜ್ವರದಲ್ಲೋ ಎಚ್ಚರದಲ್ಲೋ, ಬದುಕಿದರೆ ಒಂದು ದಿನ ಮುನಿಗಳಿಗೆ ನನ್ನ ಕೈಯಾರೆ ತುತ್ತು ಹಾಕಬೇಕು ಎಂದಿದ್ದಳು. ಈಗ ಅವಳು ಬಾಗಿಲ ಸಂದಿಯಿಂದ ಗಂಡನನ್ನು ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ, ಆಸೆ ಇತ್ತು. ಆಸೆ ಇಟ್ಟುಕೊಂಡದ್ದಕ್ಕೆ ಸಂಕೋಚವೂ ಇತ್ತು. ಅವಳು ಒಲೆಯ ಹತ್ತಿರವೇ ಉಳಿದರೆ ಎಲ್ಲ ಸುಲಭ ಎಂದು ಪುಷ್ಪದಂತನಿಗೆ ಗೊತ್ತಿತ್ತು. ಅವಳು ಆ ಮಾತು ಹೇಳಬೇಕಾಗಿಲ್ಲ, ಇವನ ಪಾಪ ಬೆಳೆಯಬೇಕಾಗಿಲ್ಲ. ತಾಯಿಯ ಮಾತಿಗೆ ಹೂಂ ಎಂದರೆ ಸಾಕು.

"ಅವಳೇ ಕೊಡಲಿ ಅಮ್ಮ" ಎಂದ. "ಬೆನ್ನು ಬಗ್ಗಿದ್ರೆ ಕೈ ಬಗ್ಗಿದೆಯಾ? ನಾನಂತೂ ಆಗಲ್ಲ. ಅವಳು ನಿಲ್ಲಲಿ."

ಹೇಳಿದ ಮೇಲೆ ತಾನೇ ಬೆಚ್ಚಿದ. ಬೇಡದ ಕಡೆ ಮಾತು ಬರುತ್ತದೆ ಎಂದರೆ ಇದೇ ಇರಬೇಕು. ಜಿನಮತಿಯಮ್ಮ ಗೊಣಗಿಕೊಂಡು ಕಳಶಕ್ಕೆ ತೆಂಗಿನಕಾಯಿ ಇಟ್ಟಳು.

ಕಳಶ ಹಿಡಿದು ಬಾಗಿಲಿಗೆ ಹೊರಡುವ ಮುಂಚೆ ಧರ್ಮಾವತಿ ಹೊಸಿಲ ಈಚೆಗೆ ಬಂದು, ಮಡಿ ಮುಟ್ಟದಷ್ಟು ದೂರ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು. "ಒಂದು ಮಾತು. ಕಾಯಶುದ್ಧಿ ಅಂತ ಹೇಳ್ಬೇಕಲ್ಲ. ಈ ಮೈಗೆ ಅವರು ಏನೇನೋ ಇಟ್ಟರು, ಸುಟ್ಟರು. ಅಲ್ಲಿ ಏನು ಕುಡಿಸಿದ್ರೋ ನಂಗೆ ನೆನಪಿಲ್ಲ. ನೀವು ಪಕ್ಕದಲ್ಲೇ ಇದ್ರಿ. ನಾ ಹೇಳ್ಬಹುದಾ? ನೀವು ಹೇಳಿದ್ರೆ ಹೇಳ್ತೀನಿ."

ಬೀದಿಯ ಕೊನೆಯಲ್ಲಿ ಜಯಕಾರ ಕೇಳಿಸಿತು. ಮಹಾರಾಜರು ಬಸದಿಯಿಂದ ಹೊರಟಿದ್ದರು. ಈಗ ಹೇಳಿದರೆ ಅವಳು ಕಳಶ ಕೆಳಗಿಟ್ಟು ಒಳಗೆ ಹೋಗುತ್ತಾಳೆ. ಇನ್ನು ಒಂದು ಗುಳಿಗೆಯನ್ನೂ ಮುಟ್ಟುವುದಿಲ್ಲ, ಬೆನ್ನು ಕುಸಿಯುತ್ತದೆ. ಉಗುಳಲೂ ಆಗದ ನುಂಗಲೂ ಆಗದ ತುತ್ತು. ಅವಳು ಕತ್ತನ್ನು ಓರೆ ಮಾಡಿ ಅವನ ಮುಖ ನೋಡುತ್ತಿದ್ದಳು; ನೇರ ತಲೆ ಎತ್ತಿ ನೋಡಲು ಅವಳಿಗೆ ಬರುತ್ತಿರಲಿಲ್ಲ. ಮೊದಲು ಅವಳ ಕಣ್ಣು ಅವನ ಕಣ್ಣಿನ ಮಟ್ಟಕ್ಕೇ ಇರುತ್ತಿತ್ತು.

"ಹೇಳು" ಎಂದ. "ನಿನ್ನಂಥ ಮೈ ಈ ಪೇಟೆಯಲ್ಲಿ ಯಾರಿಗಿದೆ. ಹೇಳು."

ಮಾಗಿಯ ಬಿಸಿಲು ಮಾರ್ಕೆಟ್ ರಸ್ತೆಯ ಮೇಲೆ ಬಿದ್ದಿತ್ತು. ಎದುರು ಮನೆಯ ಪದ್ಮರಾಜಯ್ಯ ಮಕ್ಕಳು ಸೊಸೆಯರ ಸಮೇತ ಬಾಗಿಲ ತುಂಬ ನಿಂತಿದ್ದ. ಎಲ್ಲರೂ ನೆಟ್ಟಗೆ, ಬಿಳೀ ಬಟ್ಟೆಯಲ್ಲಿ. ಇತ್ತ ಒಬ್ಬ ಮುದುಕಿ, ಒಬ್ಬಳು ಗೂನುಬೆನ್ನಿನವಳು. ಪುಷ್ಪದಂತ ಒಳಗೆ ಕಿಟಕಿಯ ಹಿಂದೆ ನಿಂತು, ಮಹಾರಾಜರು ಎದುರು ಮನೆಗೇ ಹೋಗಲಿ ಎಂದು ಬೇಡಿಕೊಂಡ. ಆ ಕ್ಷಣವೇ, ಹೋಗದಿರಲಿ, ಅವಳ ಕಡೆ ನೋಡಲಿ ಎಂದೂ ಬೇಡಿಕೊಂಡ. ಮುನಿಗಳು ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಹೆಗಲಿಗೇರಿಸಿಕೊಂಡು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಕಮಂಡಲು ಹಿಡಿದು, ನೆಲ ನೋಡುತ್ತ ಬಂದರು. ಎತ್ತರದ ಆಳು. ಎರಡೂ ಬಾಗಿಲಿನಿಂದ ನಮೋಸ್ತು ನಮೋಸ್ತು, ಅತ್ರ ತಿಷ್ಠ ತಿಷ್ಠ ಎಂಬ ಕರೆ ಎದ್ದಿತು. ಪದ್ಮರಾಜಯ್ಯನ ಮನೆಯವರ ಗಂಟಲು ದೊಡ್ಡದು. ಮುನಿಗಳು ನಿಂತರು. ನೆಲ ನೋಡುವವರ ಕಣ್ಣಿಗೆ ಮೊದಲು ಸಿಗುವುದು ನೆಲಕ್ಕೆ ಹತ್ತಿರ ಇರುವ ಮುಖವೋ ಏನೋ. ಅವರು ಈ ಕಡೆ ತಿರುಗಿದರು.

ಕಾಲು ತೊಳೆದದ್ದು, ಪೂಜೆ ಮಾಡಿದ್ದು, ಯಾವುದೂ ಅವನಿಗೆ ಸರಿಯಾಗಿ ಕಾಣಲಿಲ್ಲ. ಅಡಿಗೆಮನೆಯ ಹೊಸಿಲ ಈಚೆ ಜನರ ಹಿಂದೆ ನಿಂತಿದ್ದ. ತಾಯಿ ಹೇಳಿದ್ದು ಕೇಳಿಸಿತು. ಆಮೇಲೆ ಧರ್ಮಾವತಿಯ ದನಿ. ಮನಶುದ್ಧಿ. ವಚನಶುದ್ಧಿ. ಅಲ್ಲಿ ಒಂದು ಉಸಿರು ನಿಲ್ಲಿಸಿದಳು, ಅಥವಾ ಇವನಿಗೆ ಹಾಗೆ ತೋರಿತು. ಕಾಯಶುದ್ಧಿ ಎಂದಾಗ ಅವಳ ದನಿ ಉಳಿದೆರಡಕ್ಕಿಂತ ಗಟ್ಟಿಯಾಗಿತ್ತು. ಐದು ವರ್ಷದಿಂದ ಯಾರೂ ಅವಳಿಗೆ ಹೇಳದಿದ್ದದ್ದನ್ನು ತಾನೇ ಹೇಳಿಕೊಂಡಳು. ಪುಷ್ಪದಂತನ ಕಣ್ಣು ತುಂಬಿತು, ಪಶ್ಚಾತ್ತಾಪದಿಂದಲೋ ಸಂತೋಷದಿಂದಲೋ ಅವನಿಗೇ ತಿಳಿಯಲಿಲ್ಲ. ಮುನಿಗಳು ಎದ್ದು ನಿಂತು ಬೊಗಸೆ ಮಾಡಿದರು.

ಮೊದಲು ನೀರು, ಆಮೇಲೆ ಹಾಲು, ಆಮೇಲೆ ಅನ್ನದ ತುತ್ತುಗಳು. ಬೊಗಸೆ ಅವಳ ಹಣೆಯ ಎತ್ತರಕ್ಕಿತ್ತು. ಪ್ರತಿ ತುತ್ತಿಗೂ ಅವಳು ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಕೈಯೆತ್ತಿ, ಒಂದು ಅಗುಳೂ ಉದುರದ ಹಾಗೆ ಇಡಬೇಕಾಗಿತ್ತು. ಮುಖ ಕೆಂಪಾಗಿತ್ತು, ಚಂದವಾಗಿತ್ತು. ಪಾಯಸದ ಪಾತ್ರೆಯನ್ನು ಎತ್ತಲು ತಾಯಿಗೆ ಕೈ ತೆರವಿರಲಿಲ್ಲ, ಇವಳೇ ಬಗ್ಗಿದಳು. ಎತ್ತಿದಳು. ಅರ್ಧಕ್ಕೆ ಬಂದಾಗ ಅವಳ ಮೈ ಒಮ್ಮೆ ಜಗ್ಗಿದ ಹಾಗಾಯಿತು. ಸದ್ದೇನೂ ಕೇಳಲಿಲ್ಲ, ಅಥವಾ ಕೇಳಿದ್ದು ಇವನೊಬ್ಬನಿಗೆ. ಅವಳ ಬಾಯಿ ತೆರೆಯಿತು.

ಕೂಗು ಬರುತ್ತದೆ ಎಂದು ಪುಷ್ಪದಂತ ಕಾದ. ಕೂಗಲಿ, ಕೂಗಿಬಿಡಲಿ, ಅಂತರಾಯವಾಗಲಿ, ಮುನಿಗಳು ಹಸಿದು ಹೋಗಲಿ, ಊರು ಏನಾದರೂ ಅನ್ನಲಿ, ಅವಳು ಮಲಗಲಿ. ಅವಳು ಕೂಗದಿದ್ದರೆ ತಾನೇ ಕೂಗುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟ. ಅವಳ ಕಣ್ಣು ಅವನನ್ನು ಹುಡುಕಿ ಹಿಡಿಯಿತು. ಬೇಡ ಎಂದಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಅವನನ್ನು ತಡೆದದ್ದು ಅದೇ ಮೊದಲು. ಅವನು ಹೆಜ್ಜೆ ಹಿಂದಿಟ್ಟ. ತೆರೆದ ಬಾಯಿಯನ್ನು ಅವಳು ಮೆಲ್ಲಗೆ ಮುಚ್ಚಿಕೊಂಡಳು, ಪಾತ್ರೆಯನ್ನು ಹಲಗೆಯ ಮೇಲಿಟ್ಟಳು, ಎಡಗೈಯಿಂದ ಹಲಗೆಯ ಅಂಚು ಹಿಡಿದುಕೊಂಡು ಬಲಗೈಯಿಂದ ಪಾಯಸ ಹಾಕಿದಳು. ಮತ್ತೆ ಹಾಕಿದಳು. ತುಟಿ ಬಿಳುಚಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮುನಿಗಳು ಕಣ್ಣೆತ್ತಲಿಲ್ಲ. ಆದರೆ ಇನ್ನೂ ಹೋಳಿಗೆ ಇತ್ತು, ಹಣ್ಣು ಇತ್ತು. ಅವನ್ನು ಬಿಟ್ಟು ಅವರು ನೀರಿಗೆ ಸನ್ನೆ ಮಾಡಿ, ಕುಡಿದು, ಬೊಗಸೆ ಬಿಟ್ಟರು. ಜಯಕಾರವಾಯಿತು. ಆ ಗದ್ದಲದ ಮರೆಯಲ್ಲಿ ಧರ್ಮಾವತಿ ಗೋಡೆಗುಂಟ ಜಾರಿ ನೆಲಕ್ಕೆ ಇಳಿದಳು.

ಚಾಪೆಯ ಮೇಲೆ ಅವಳನ್ನು ಮಲಗಿಸಿದಾಗ ಪುಷ್ಪದಂತ ಮಡಿ ಮೈಲಿಗೆ ನೋಡದೆ ಅವಳ ತಲೆ ಹಿಡಿದಿದ್ದ. ಜಿನಮತಿಯಮ್ಮ 'ಅಯ್ಯೋ ನನ್ನ ಮಗಳೇ' ಎಂದು ಸೆರಗಿನಿಂದ ಸೊಸೆಯ ಬೆವರು ಒರೆಸುತ್ತಿದ್ದಳು. ಬೆಳಿಗ್ಗೆ ಆಡಿದ್ದು ಅವಳಿಗೆ ಮರೆತೇಹೋಗಿತ್ತು. ಬಾಯಿ ತೊಳೆದುಕೊಂಡ ಮುನಿಗಳು ಪದ್ಧತಿಯಂತೆ ಹಲಗೆಯ ಮೇಲೆ ಕೂತರು. ಆಹಾರ ಕೊಟ್ಟವರು ಏನಾದರೊಂದು ನಿಯಮ ತೆಗೆದುಕೊಳ್ಳಬೇಕು. ಒಂದು ತಿನಿಸನ್ನೋ ಒಂದು ಚಟವನ್ನೋ ಬಿಡಬೇಕು. ಮುನಿಗಳ ದನಿ ಅವರ ಆಳ್ತನ ನೋಡಿ ಅಂದುಕೊಂಡದ್ದಕ್ಕಿಂತ ಮೃದುವಾಗಿತ್ತು. "ನೋವಾಯಿತೇನಮ್ಮ?"

"ಇಲ್ಲ ಮಹಾರಾಜ. ನಂಗೆ ನಿಯಮ ಕೊಡಿ. ಗೆಡ್ಡೆ ಮೊದಲೇ ಬಿಟ್ಟಿದೀನಿ, ರಾತ್ರಿ ನೀರು ಬಿಟ್ಟಿದೀನಿ. ಇನ್ನು ಬಿಡೋಕೆ ಎಂತ ಇದೆ? ಔಷಧಿ ಬಿಟ್ಟುಬಿಡ್ತೀನಿ. ಆಸೆ ಇದ್ದದ್ದು ಇದೊಂದೇ, ಮುಗೀತು. ಇನ್ನು ಈ ಬೆನ್ನಿಗೆ ಇವರಿಗೆ ಕಷ್ಟ ಕೊಡಲ್ಲ."

ಪುಷ್ಪದಂತನಿಗೆ ಮೊದಲು ಆದದ್ದು ಬಿಡುಗಡೆ. ಅವಳೇ ಬಿಟ್ಟರೆ ತಾನು ಹೇಳಬೇಕಾಗಿಲ್ಲ, ಕೊಡಬೇಕಾಗಿಲ್ಲ. ಎಲ್ಲ ಶುದ್ಧವಾಗಿ ಮುಗಿಯುತ್ತದೆ. ಅವಳೂ ಮುಗಿಯುತ್ತಾಳೆ ಎಂಬುದು ಅದರ ಹಿಂದೆಯೇ ಹೊಳೆದು, ಹಾಗೆ ಬಿಡುಗಡೆಯೆನಿಸಿದ್ದಕ್ಕೆ ಅವನು ತನ್ನನ್ನು ಎಂದೂ ಕ್ಷಮಿಸಲಾರೆ ಎಂದುಕೊಂಡ.

"ಔಷಧಿ ಬಿಡಬಾರದಮ್ಮ" ಎಂದರು ಮುನಿಗಳು. "ಬದುಕಿರುವಾಗ ಮೈಯನ್ನು ಸಾಯಿಸಬಾರದು. ಯಾರು ಕೊಡುತ್ತಾರೆ ಔಷಧಿ?"

"ಇವರೇ."

ಮುನಿಗಳು ಅವನ ಕಡೆ ತಿರುಗಿದರು. "ಶುದ್ಧವಾದದ್ದು ತಾನೆ?"

ಮನೆ ತುಂಬ ಜನ. ಪದ್ಮರಾಜಯ್ಯನೂ ಬಂದು ಕಂಬದ ಹತ್ತಿರ ನಿಂತಿದ್ದ. ಧರ್ಮಾವತಿ ಮಲಗಿದಲ್ಲಿಂದಲೇ ಗಂಡನನ್ನು ನೋಡುತ್ತಿದ್ದಳು, ಜೇನಲ್ಲ ಎಂದು ಆಣೆಯಿಟ್ಟವನನ್ನು ನೋಡುವ ಪೂರ್ಣ ನಂಬಿಕೆಯಲ್ಲಿ. ಅವಳ ಕುತ್ತಿಗೆಯ ಕೆಳಗಿದ್ದ ಅವನ ಕೈಗೆ ಆ ಬೆನ್ನಿನ ಒಂದೊಂದು ಗಂಟೂ ಸಿಗುತ್ತಿತ್ತು.

"ಶುದ್ಧ ಇದೆ ಮಹಾರಾಜ" ಎಂದ. ದನಿ ನಡುಗಲಿಲ್ಲ.

"ಹಾಗಾದರೆ ನಿಯಮ ಅವಳಿಗೆ ಬೇಡ, ನಿನಗಿರಲಿ. ಆಹಾರದಾನ ಅವಳು ಮಾಡಿದಳು. ಔಷಧದಾನವೂ ಅಷ್ಟೇ ದೊಡ್ಡದು. ಅವಳ ಉಸಿರಿರುವ ತನಕ ಒಂದು ದಿನವೂ ತಪ್ಪದೆ ನಿನ್ನ ಕೈಯಾರೆ ಔಷಧಿ ಕೊಡು. ಆಗುತ್ತದೆಯೇ?"

"ಆಗ್ತದೆ" ಎಂದು ಪುಷ್ಪದಂತ ತಲೆಬಾಗಿದ. ನವಿಲುಗರಿ ಅವನ ನೆತ್ತಿಯನ್ನು ಮುಟ್ಟಿತು. ಅಷ್ಟು ಹಗುರವಾದದ್ದು ಅವನ ಮೇಲೆ ಯಾವತ್ತೂ ಬಿದ್ದಿರಲಿಲ್ಲ, ಅವನಿಗೆ ತಲೆ ಎತ್ತಲಾಗಲಿಲ್ಲ. ಇನ್ನು ಇದನ್ನು ಯಾರಿಗೂ, ಎಂದಿಗೂ ಹೇಳುವ ಹಾಗಿಲ್ಲ. ಪದ್ಮರಾಜಯ್ಯ ಮೊದಲಾಗಿ ಎಲ್ಲರೂ ಜಯವೆಂದರು. ಮುನಿಗಳನ್ನು ಕಳಿಸಲು ಜನವೆಲ್ಲ ಬೀದಿಗೆ ಹೋಯಿತು. ಪುಣ್ಯವಂತ ನನ್ನ ಮಗ ಎಂದು ತಾಯಿ ಯಾರಿಗೋ ಹೇಳುತ್ತಿದ್ದುದು ಹೊರಗಿನಿಂದ ಕೇಳಿಸಿತು.

ಅವನು ಎದ್ದು ಹೋಗಿ ಸೀಸೆ ತಂದ. ಅವಳಿಗೆ ಕೈ ಎತ್ತಲಾಗುತ್ತಿರಲಿಲ್ಲ. ಗುಳಿಗೆಯನ್ನು ಅವನೇ ಅವಳ ನಾಲಗೆಯ ಮೇಲಿಟ್ಟು, ತಲೆಯನ್ನು ಒಂದಿಷ್ಟು ಎತ್ತಿ ನೀರು ಹನಿಸಿದ. ಅವಳು ಕಣ್ಣು ಮುಚ್ಚಿ ನುಂಗಿದಳು. ಮುಖದಲ್ಲಿ ನೋವಿತ್ತು, ಅದಕ್ಕಿಂತ ಹೆಚ್ಚಾಗಿ ತೃಪ್ತಿ ಇತ್ತು.

"ನಂಗೋಸ್ಕರ ನಿಯಮ ತಗೊಂಡ್ರಲ್ಲ" ಎಂದಳು. "ನಾಳೆಯಿಂದ ನಾನು ನೆನಪು ಮಾಡ್ಬೇಕಾ?"

"ಬೇಡ" ಎಂದ ಪುಷ್ಪದಂತ. "ನಾನು ಮರೆಯಲ್ಲ."